ಯುದ್ಧಕಾಲದ ಭಿತ್ತಿಪತ್ರಗಳೂ ಅವುಗಳ ಸಂಗ್ರಾಹಕರೂ

ಪೂರ್ವಕಾಲದ ಅರಸರು ತಾವಿತ್ತ ದಾನಗಳನ್ನೂ ವಿಧಿಸಿದ ಕಟ್ಟಳೆಗಳನ್ನೂ ಶಿಲೆಯಲ್ಲಿಯೂ ತಾಮ್ರಪಟಗಳಲ್ಲಿಯೂ ಕೊರೆಯಿಸಿ, ಅವು ಸೂರ್ಯಚಂದ್ರರಿರುವವರೆಗೂ ನಿಲ್ಲಲೆಂದು ಹಾರೈಸಿದರು. ಮುದ್ರಣಯುಗದ ಪ್ರಭುತ್ವಗಳು ತಮ್ಮ ಮಾತನ್ನು ಪ್ರಜೆಗಳಿಗೆ ಮುಟ್ಟಿಸುವುದಕ್ಕೆ ಆರಿಸಿಕೊಂಡ ಸಾಧನವಾದರೋ ಇದಕ್ಕೆ ತೀರ ವಿಪರೀತವಾದುದು. ಬೀದಿಯ ಗೋಡೆಗೆ ಅಂಟಿಸಿದ ಕಾಗದದ ಹಾಳೆಗೆ ಒಂದು ಮಳೆಗಾಲದ ಆಯುಷ್ಯವೂ ಇಲ್ಲ. ದೇವರ ಮೇಲಿನಿಂದ ತೆಗೆದ ನಿರ್ಮಾಲ್ಯವನ್ನಾದರೂ ಜನರು ಕಣ್ಣಿಗೊತ್ತಿಕೊಂಡು ಶುಚಿಯಾದ ಸ್ಥಳದಲ್ಲಿ ವಿಸರ್ಜಿಸುತ್ತಾರೆ. ಸಭೆ ಮುಗಿದ ಮರುದಿನದ ಭಿತ್ತಿಪತ್ರಕ್ಕೆ ಅಷ್ಟು ಗೌರವವೂ ದೊರೆಯುವುದಿಲ್ಲ. ಅದರ ಮೇಲೆ ಇನ್ನೊಂದು ಹಾಳೆಯನ್ನು ಅಂಟಿಸುತ್ತಾರೆ, ಇಲ್ಲವೆ ದನಕರುಗಳು ಅದನ್ನು ಎಳೆದು ತಿನ್ನುತ್ತವೆ. ಇಷ್ಟಾದರೂ ಒಂದು ಕಾಲದ ಜನರು ಏನನ್ನು ಕಂಡು ಬೆದರಿದರು, ಯಾವ ಮಾತಿಗೆ ಮನಸೋತರು, ಯಾವ ಆಸೆಯ ಬೆನ್ನುಹತ್ತಿ ತಮ್ಮ ಮಕ್ಕಳನ್ನು ರಣಭೂಮಿಗೆ ಕಳುಹಿಸಿದರು ಎಂಬುದನ್ನು ತಿಳಿಯಬಯಸುವ ಚರಿತ್ರಕಾರನಿಗೆ ಈ ಹರಿದ ಹಾಳೆಗಳು ಶಾಸನಗಳಿಗಿಂತ ಕಡಮೆಯಾದ ಪ್ರಮಾಣಗಳಲ್ಲ. ಅವುಗಳನ್ನು ಗೋಡೆಯಿಂದ ಬಿಡಿಸಿ, ಮಡಿಕೆ ಬೀಳದಂತೆ ಕಾಪಾಡಿ, ಮುಂದಿನವರಿಗೆ ಉಳಿಸಿದ ಕೆಲವರ ಶ್ರಮವನ್ನೂ, ಅಂತಹ ಒಂದು ಸಂಗ್ರಹಕ್ಕೆ ಒದಗಿದ ವಿಚಿತ್ರ ಗತಿಯನ್ನೂ ಇಲ್ಲಿ ನಿರೂಪಿಸಲಾಗಿದೆ.

ವರ್ಣಮಯವಾದ ದೊಡ್ಡ ಹಾಳೆಗಳು ಅಲ್ಪ ವೆಚ್ಚದಲ್ಲಿ ಸಹಸ್ರ ಸಹಸ್ರವಾಗಿ ಹೊರಬರುವುದಕ್ಕೆ ಕಾರಣವಾದುದು ಶಿಲಾಮುದ್ರಣವಿದ್ಯೆ. 18ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬಾತನು ಇದನ್ನು ಕಂಡುಹಿಡಿದನು. ಜಿಡ್ಡೂ ನೀರೂ ಒಂದನ್ನೊಂದು ಸೇರವು ಎಂಬುದೇ ಇದರ ಮೂಲತತ್ತ್ವ. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರವನ್ನು ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ, ಮೇಲೆ ಮಸಿಯನ್ನು ಉರುಳಿಸಿದರೆ, ಮಸಿಯು ಜಿಡ್ಡಿರುವಲ್ಲಿ ಮಾತ್ರ ಹತ್ತುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದರ ಮೇಲೊಂದಾಗಿ ಅಚ್ಚೊತ್ತಿದರೆ ಬಣ್ಣದ ಚಿತ್ರವು ದೊರೆಯುತ್ತದೆ. ಪ್ಯಾರಿಸ್ಸಿನಲ್ಲಿ ಜೂಲ್ ಶೆರೆ ಎಂಬ ಚಿತ್ರಕಾರನು 19ನೆಯ ಶತಮಾನದ ಉತ್ತರಾರ್ಧದಲ್ಲಿ ಈ ವಿದ್ಯೆಯನ್ನು ಬೀದಿಯ ಜಾಹೀರಾತಿಗೆ ಹೊಂದಿಸಿ ನಗರದ ಗೋಡೆಗಳನ್ನೇ ಚಿತ್ರಶಾಲೆಯಾಗಿ ಮಾರ್ಪಡಿಸಿದನು. ನಾಟಕಶಾಲೆ, ಪಾನೀಯ, ಸಾಬೂನು, ಸೈಕಲ್ಲು ಇವೇ ಆಗಿನ ವಸ್ತುಗಳು. 1914ರಲ್ಲಿ ಮಹಾಯುದ್ಧವು ಆರಂಭವಾದೊಡನೆ, ಸಾಬೂನನ್ನು ಮಾರಲು ಕಲಿತಿದ್ದ ಅದೇ ಕುಂಚಗಳು ಯುದ್ಧವನ್ನು ಮಾರಲು ತೊಡಗಿದವು.

ಆ ಯುದ್ಧದ ಆದಿಯಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯದ ಸೈನ್ಯಸೇವೆಯಿರಲಿಲ್ಲ. ಲಕ್ಷಾಂತರ ಜನರನ್ನು ಅವರ ಇಚ್ಛೆಯಿಂದಲೇ ದಂಡಿಗೆ ಸೇರಿಸಬೇಕಾಗಿತ್ತು. ಇದಕ್ಕಾಗಿ 1914ರ ಆಗಸ್ಟ್ ತಿಂಗಳಲ್ಲಿ ಪಾರ್ಲಿಮೆಂಟಿನ ಸೈನ್ಯಭರ್ತಿ ಸಮಿತಿಯು ಏರ್ಪಟ್ಟಿತು. ಪ್ರಧಾನಮಂತ್ರಿ ಆಸ್ಕ್ವಿತ್, ವಿರೋಧಪಕ್ಷದ ಬೋನರ್ ಲಾ, ಕಾರ್ಮಿಕಪಕ್ಷದ ಆರ್ಥರ್ ಹೆಂಡರ್ಸನ್ ಈ ಮೂವರೂ ಅದಕ್ಕೆ ಅಧ್ಯಕ್ಷರಾದರು. ಚುನಾವಣೆಯಲ್ಲಿ ಪರಸ್ಪರ ಕಚ್ಚಾಡುತ್ತಿದ್ದ ಪಕ್ಷಗಳು ತಮ್ಮ ಊರೂರಿನ ಕಾರ್ಯಕರ್ತರನ್ನೂ ಸಭೆ ಸೇರಿಸುವ ಚಾತುರ್ಯವನ್ನೂ ಒಂದುಗೂಡಿಸಿದವು. ಭಿತ್ತಿಪತ್ರವನ್ನು ನೋಡಿ ಜನರು ಸಭೆಗೆ ಬರುವರು, ಸಭೆಯಲ್ಲಿ ಭಾಷಣವನ್ನು ಕೇಳುವರು, ವೇದಿಕೆಯ ಮಗ್ಗುಲಲ್ಲಿಯೇ ಹೆಸರು ಬರೆಯಿಸುವರು ಎಂಬುದು ಕ್ರಮ. ಸಮಿತಿಯು ತನ್ನ ಆಯುಷ್ಯದಲ್ಲಿ ಸುಮಾರು 12,000 ಸಭೆಗಳನ್ನು ನಡೆಸಿ, 5 ಕೋಟಿ 40 ಲಕ್ಷದಷ್ಟು ಭಿತ್ತಿಪತ್ರ, ಕರಪತ್ರ ಮೊದಲಾದುವನ್ನು ಹಂಚಿತೆಂದು ಎಣಿಕೆಯಿದೆ. 1915ರಲ್ಲಿ ಸಾವಿಲ್ ಲಮ್ಲಿಯೆಂಬವನು ರಚಿಸಿದ ಚಿತ್ರವೊಂದರಲ್ಲಿ, ಯುದ್ಧವೆಲ್ಲ ಮುಗಿದ ಮೇಲೆ ಮಗಳೊಬ್ಬಳು ತಂದೆಯ ತೊಡೆಯ ಮೇಲೆ ಕುಳಿತು, ಮಹಾಯುದ್ಧದಲ್ಲಿ ನೀನೇನು ಮಾಡಿದೆಯೆಂದು ಪ್ರಶ್ನಿಸುತ್ತಾಳೆ. ಮಗನು ಕಾಲಬುಡದಲ್ಲಿ ಆಟದ ಸಿಪಾಯಿಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದಾನೆ. ತಂದೆಯ ಕಣ್ಣುಗಳು ಶೂನ್ಯವನ್ನು ನೋಡುತ್ತಿವೆ. ಶೌರ್ಯದ ಹೊಗಳಿಕೆಗಿಂತ ಲಜ್ಜೆಯ ಭಯವು ಬಲವತ್ತರವೆಂಬುದನ್ನು ಚಿತ್ರವನ್ನು ಬರೆಯಿಸಿದವರು ಚೆನ್ನಾಗಿ ಬಲ್ಲವರಾಗಿದ್ದರು. ಆದರೂ ಗೋಡೆಯ ಮಾತುಗಳು ಸಾಲದೆ ಹೋಗಿ, 1916ರ ಜನವರಿಯಲ್ಲಿ ಕಡ್ಡಾಯಸೇವೆಯ ಶಾಸನವು ಬಂದಿತು.

ಇತರ ರಾಷ್ಟ್ರಗಳೂ ಹಿಂದೆ ಬೀಳಲಿಲ್ಲ. ಜರ್ಮನಿಯಲ್ಲಿ ಕಡ್ಡಾಯದ ಸೇನೆ ಮೊದಲಿನಿಂದಲೇ ಇದ್ದುದರಿಂದ ಅಲ್ಲಿಯ ಗೋಡೆಗಳು ಮನುಷ್ಯರನ್ನು ಬೇಡದೆ ಹಣವನ್ನು ಬೇಡಿದವು. 1914ರಿಂದ 1918ರವರೆಗೆ ಒಂಬತ್ತು ಬಾರಿ ಯುದ್ಧಸಾಲವನ್ನು ಎತ್ತಲಾಯಿತು. 1917ರ ಸಾಲಕ್ಕಾಗಿ ಫ್ರಿಟ್ಸ್ ಎರ್ಲರ್ ಬರೆದ ಚಿತ್ರದಲ್ಲಿ ಉಕ್ಕಿನ ಶಿರಸ್ತ್ರಾಣವನ್ನು ಧರಿಸಿದ ಸೈನಿಕನೊಬ್ಬನು ಮುಳ್ಳುತಂತಿಯ ನಡುವೆ ನಿಂತು ದೂರವನ್ನು ದಿಟ್ಟಿಸುತ್ತಾನೆ. ಅಮೆರಿಕವು 1917ರಲ್ಲಿ ರಣಕ್ಕಿಳಿದಾಗ ಜೇಮ್ಸ್ ಮಾಂಟ್ಗೊಮರಿ ಫ್ಲ್ಯಾಗ್ ರಚಿಸಿದ, ಬೆರಳು ತೋರಿಸುವ ಶ್ವೇತಶ್ಮಶ್ರುವಿನ ವೃದ್ಧನ ಚಿತ್ರವು 40 ಲಕ್ಷಕ್ಕೂ ಮಿಕ್ಕಿ ಅಚ್ಚಾಯಿತೆಂದು ಪ್ರಸಿದ್ಧಿಯಿದೆ. ರಷ್ಯಾದ ಅಂತರ್ಯುದ್ಧದಲ್ಲಿ ದ್ಮಿತ್ರಿ ಮೋರ್ ಎಂಬಾತನು 1920ರಲ್ಲಿ ಕೆಂಪುದಳದ ಸೈನಿಕನ ಕೈಯಿಂದ ಅದೇ ಬೆರಳನ್ನು ಚಾಚಿಸಿದನು. ಶತ್ರುಗಳಾದವರು ಸಿದ್ಧಾಂತದಲ್ಲಿ ಎಷ್ಟೇ ಭಿನ್ನರಾಗಿರಲಿ, ಜನರನ್ನು ಕರೆಯುವ ಬೆರಳಿನ ಭಂಗಿ ಮಾತ್ರ ಒಂದೇ ಆಗಿತ್ತು.

ಈ ಬೆರಳಿನ ಮೂಲಚಿತ್ರವು ಆಲ್ಫ್ರೆಡ್ ಲೀಟನದು. ಅದು 1914ರ ಸೆಪ್ಟೆಂಬರ್ 5ರ ಒಂದು ಲಂಡನ್ ವಾರಪತ್ರಿಕೆಯ ಮುಖಪುಟದಲ್ಲಿ, ಯುದ್ಧಮಂತ್ರಿಯಾದ ಲಾರ್ಡ್ ಕಿಚನರನ ಮುಖದೊಡನೆ ಪ್ರಕಟವಾಯಿತು. ಬ್ರಿಟನ್ನಿನ ಬೀದಿಬೀದಿಯಲ್ಲಿಯೂ ಇದೇ ಚಿತ್ರವಿದ್ದಿತೆಂದೂ ಇದನ್ನು ಕಂಡೇ ತರುಣರು ದಂಡಿಗೆ ಧಾವಿಸಿದರೆಂದೂ ಲೋಕವು ನಂಬಿದೆ. ಆದರೆ ಜೇಮ್ಸ್ ಟೇಲರ್ ಎಂಬ ಸಂಶೋಧಕನು 2013ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ನಂಬಿಕೆಯನ್ನು ಪ್ರಶ್ನಿಸಿದ್ದಾನೆ. ಆ ಕಾಲದ ಛಾಯಾಚಿತ್ರಗಳಲ್ಲಿ ಈ ಭಿತ್ತಿಪತ್ರವು ಕಾಣುವುದೇ ಅಪೂರ್ವ. ಸಮಿತಿಯು ಅತ್ಯಧಿಕವಾಗಿ ಅಚ್ಚುಹಾಕಿಸಿದವು ಬೇರೆ ಚಿತ್ರಗಳು, ಬರಿಯ ಅಕ್ಷರಗಳ ಹಾಳೆಗಳು. ಹಾಗಾದರೆ ಕೀರ್ತಿಯು ಎಲ್ಲಿಂದ ಬಂದಿತು? ಲೀಟನ ಮೂಲಚಿತ್ರವು ವಸ್ತುಸಂಗ್ರಹಾಲಯದಲ್ಲಿ ಉಳಿಯಿತು, ಗ್ರಂಥಗಳಲ್ಲಿ ಮರುಮುದ್ರಣವಾಯಿತು, ಕಂಡವರೆಲ್ಲರೂ ಅದನ್ನೇ ಅನುಕರಿಸಿದರು. ಇದರಿಂದ ತಿಳಿಯತಕ್ಕದ್ದೊಂದುಂಟು. ಗೋಡೆಯ ಮೇಲೆ ಇದ್ದುದು ಚರಿತ್ರೆಯಾಗುವುದಿಲ್ಲ. ಸಂಗ್ರಾಹಕನು ಉಳಿಸಿದ್ದು ಚರಿತ್ರೆಯಾಗುತ್ತದೆ. ಆದುದರಿಂದಲೇ ಸಂಗ್ರಾಹಕನ ಹೊಣೆಯು ದೊಡ್ಡದು. ತನಗೆ ಸೊಗಸೆಂದು ತೋರಿದ ಚಿತ್ರಗಳನ್ನಷ್ಟೇ ಅವನು ಕೂಡಿಟ್ಟು ಉಳಿದುವನ್ನು ಬಿಸುಟನಾದರೆ, ಮುಂದಿನವರು ಸ್ಥಾಲೀಪುಲಾಕನ್ಯಾಯದಿಂದ ಒಂದಗುಳನ್ನು ಹಿಸುಕಿನೋಡಿ ಪಾತ್ರೆಯ ಅನ್ನವನ್ನೆಲ್ಲ ತಪ್ಪಾಗಿ ಊಹಿಸುವರು.

ಸಂಗ್ರಹದ ಕಾರ್ಯವು ಯುದ್ಧವು ಮುಗಿಯುವವರೆಗೆ ಕಾಯಲಿಲ್ಲ. ಪ್ಯಾರಿಸ್ಸಿನ ಹಾನ್ರಿ ಲೆಬ್ಲಾನ್ ಎಂಬ ಉದ್ಯಮಿಯೂ ಅವನ ಪತ್ನಿ ಲೂಯೀಸಳೂ 1914ರಲ್ಲಿಯೇ ಯುದ್ಧಕ್ಕೆ ಸಂಬಂಧಿಸಿದ ಪುಸ್ತಕ, ಪತ್ರಿಕೆ, ಭಿತ್ತಿಪತ್ರ, ಆಟದ ಸಾಮಾನು ಮೊದಲಾದುವನ್ನು ಕೂಡಿಡತೊಡಗಿ, 1917ರಲ್ಲಿ ಎಲ್ಲವನ್ನೂ ಫ್ರೆಂಚ್ ಸರಕಾರಕ್ಕೆ ಒಪ್ಪಿಸಿದರು. ಅದು ಬೆಳೆದು ಇಂದು ನಾಂತೇರ್ ಎಂಬಲ್ಲಿ ದೊಡ್ಡ ಭಂಡಾರವಾಗಿದೆ. ಲಂಡನ್ನಿನ ಯುದ್ಧವಸ್ತುಸಂಗ್ರಹಾಲಯವನ್ನು ಸ್ಥಾಪಿಸುವ ನಿರ್ಣಯವೂ 1917ರಲ್ಲಿಯೇ ಆದುದು. 1920ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಮುಂದೆ ಅಮೆರಿಕದ ರಾಷ್ಟ್ರಾಧ್ಯಕ್ಷನಾದ ಹರ್ಬರ್ಟ್ ಹೂವರನು 1919ರಲ್ಲಿ 50,000 ಡಾಲರುಗಳನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, ಯುದ್ಧದ ಕಾಗದಪತ್ರಗಳು ನಾಶವಾಗುವುದಕ್ಕೆ ಮುನ್ನ ಅವುಗಳನ್ನು ಕೂಡಿಸುವ ಏರ್ಪಾಡು ಮಾಡಿದನು. ಅಲ್ಲಿ ಇಂದು ಒಂದು ಲಕ್ಷಕ್ಕೂ ಮಿಕ್ಕಿ ಭಿತ್ತಿಪತ್ರಗಳಿವೆ. ಇವರೆಲ್ಲರಿಗೂ ಧನಬಲವಾಗಲಿ ರಾಜಬಲವಾಗಲಿ ಇದ್ದಿತು. ಇವೆರಡೂ ಇಲ್ಲದೆ, ಕೇವಲ ಅಕ್ಕರೆಯ ಬಲದಿಂದ ಇಂತಹುದೇ ಕಾರ್ಯವನ್ನು ಸಾಧಿಸಿದವನು ಬರ್ಲಿನ್ ನಗರದ ಒಬ್ಬ ದಂತವೈದ್ಯ.

ಹಾನ್ಸ್ ಸಾಕ್ಸ್ ಎಂಬ ಈ ಯಹೂದಿ ಗೃಹಸ್ಥನು 1881ರಲ್ಲಿ ಬ್ರೆಸ್ಲೌ ನಗರದಲ್ಲಿ ಜನಿಸಿದನು. ಶಾಲೆಯಲ್ಲಿ ಓದುತ್ತಿದ್ದಾಗಲೇ ಅವನಿಗೆ ಭಿತ್ತಿಪತ್ರಗಳ ಹುಚ್ಚು ಹತ್ತಿತು. ಬೆಳೆದು ವೈದ್ಯನಾದ ಮೇಲೂ ಅದು ಇಳಿಯಲಿಲ್ಲ. 1905ರಲ್ಲಿ ಅವನು ಬರ್ಲಿನ್ನಿನಲ್ಲಿ ಭಿತ್ತಿಪತ್ರಮಿತ್ರರ ಸಂಘವನ್ನು ಸ್ಥಾಪಿಸಿದನು. 1910ರಿಂದ ಅದರ ಪತ್ರಿಕೆಯನ್ನು ಸಂಪಾದಿಸಿದನು. 'ದಸ್ ಪ್ಲಕಾಟ್', ಎಂದರೆ 'ಭಿತ್ತಿಪತ್ರ', ಎಂಬ ಹೆಸರಿನ ಆ ಪತ್ರಿಕೆಯು 1921ರವರೆಗೆ ನಡೆದು, ಅಂದಿನ ಮುದ್ರಣಕಲೆಗೆ ಕನ್ನಡಿಯಂತಿದ್ದಿತು. ಬೀದಿಯ ಕಾಗದವು ಪಂಡಿತರ ಚರ್ಚೆಗೆ ಯೋಗ್ಯವಾದ ವಸ್ತುವೆಂದು ಜನರು ಒಪ್ಪುವಂತೆ ಮಾಡಿದವರಲ್ಲಿ ಸಾಕ್ಸನು ಅಗ್ರಗಣ್ಯನು. ಯುದ್ಧದ ವರ್ಷಗಳಲ್ಲಿ ಆ ಪತ್ರಿಕೆಯು ಯುದ್ಧದ ಹಾಳೆಗಳನ್ನು ವಿಮರ್ಶಿಸಿತು. 1918ರ ನವೆಂಬರ್ ತಿಂಗಳಲ್ಲಿ ಕೈಸರನು ಸಿಂಹಾಸನವನ್ನು ಬಿಟ್ಟೋಡಿದ ಮೇಲೆ ಬರ್ಲಿನ್ನಿನ ಗೋಡೆಗಳ ಮೇಲೆ ಪಕ್ಷಪಕ್ಷಗಳ ಹಾಳೆಗಳು ಒಂದರ ಮೇಲೊಂದು ಬಿದ್ದವು. ಚುನಾವಣೆ, ಮುಷ್ಕರ, ಕ್ರಾಂತಿ, ಪ್ರತಿಕ್ರಾಂತಿ ಇವುಗಳ ಕೂಗೆಲ್ಲ ಆ ಕಾಗದಗಳಲ್ಲಿ ಅಚ್ಚೊತ್ತಿ ನಿಂತಿತು. 1919ರಲ್ಲಿ ಪತ್ರಿಕೆಯವರು ರಾಜಕೀಯ ಭಿತ್ತಿಪತ್ರಗಳ ವಿಷಯವಾಗಿಯೇ ಪ್ರತ್ಯೇಕವಾದ ಗ್ರಂಥವೊಂದನ್ನು ಹೊರತಂದರು.

ಸಾಕ್ಸನ ಸಂಗ್ರಹವು ಬೆಳೆದು ಬೆಳೆದು 12,500 ಭಿತ್ತಿಪತ್ರಗಳನ್ನೂ 18,000ದಷ್ಟು ಚಿಕ್ಕ ಮುದ್ರಿತವಸ್ತುಗಳನ್ನೂ ಒಳಗೊಂಡಿತು. ಒಬ್ಬ ವ್ಯಕ್ತಿಯ ಬಳಿ ಇಷ್ಟು ದೊಡ್ಡ ಸಂಗ್ರಹವಿದ್ದುದು ಆಗ ಲೋಕದಲ್ಲಿಯೇ ವಿರಳ. ಯಾವ ಪಕ್ಷದ ಹಾಳೆಯೆಂದು ಅವನು ಭೇದವೆಣಿಸಲಿಲ್ಲ. ಸಾಬೂನಿನ ಚಿತ್ರವೂ ಸಾಲಪತ್ರದ ಚಿತ್ರವೂ, ಚಲನಚಿತ್ರದ ನಟಿಯೂ ಸಮರದ ಸೈನಿಕನೂ ಅವನ ಕಪಾಟುಗಳಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದರು.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಭಿತ್ತಿಪತ್ರದ ಶಕ್ತಿಯನ್ನು ಅವನಷ್ಟು ಚೆನ್ನಾಗಿ ಅರಿತವರು ಕಡಮೆ. ಅವನ ಪ್ರಚಾರಮಂತ್ರಿಯಾದ ಗೋಬೆಲ್ಸನ ಕಣ್ಣು ಸಾಕ್ಸನ ಸಂಗ್ರಹದ ಮೇಲೆ ಬಿದ್ದಿತು. 1938ರಲ್ಲಿ ಗುಪ್ತಪೊಲೀಸರು ಮನೆಗೆ ಬಂದು ಎಲ್ಲವನ್ನೂ ಒಯ್ದರು. ಅದೇ ವರ್ಷದ ನವೆಂಬರ್ 9ರ ರಾತ್ರಿ ದೇಶದಾದ್ಯಂತ ಯಹೂದಿಗಳ ಅಂಗಡಿಗಳೂ ಪ್ರಾರ್ಥನಾಮಂದಿರಗಳೂ ಪುಡಿಯಾದುವಷ್ಟೆ. ಆಗ ಸಾಕ್ಸನೂ ಬಂಧಿತನಾಗಿ ಸಾಕ್ಸನ್‌ಹೌಸನ್ ಎಂಬ ಸೆರೆಶಿಬಿರಕ್ಕೆ ಹೋದನು. ಕೆಲವು ದಿನಗಳಲ್ಲಿ ಬಿಡುಗಡೆಯಾದೊಡನೆ, ಹೆಂಡತಿಯನ್ನೂ ಎಳೆಯ ಮಗನಾದ ಪೀಟರನನ್ನೂ ಕರೆದುಕೊಂಡು ದೇಶವನ್ನು ಬಿಟ್ಟನು. ನಾಲ್ವತ್ತು ವರ್ಷಗಳ ಅಕ್ಕರೆಯ ಫಲವು ಬರ್ಲಿನ್ನಿನಲ್ಲಿ ಉಳಿಯಿತು. ಜೀವವು ಅಮೆರಿಕವನ್ನು ಸೇರಿತು.

ಯುದ್ಧವು ಮುಗಿಯಿತು. ಬರ್ಲಿನ್ ನಗರವು ಬೂದಿಯಾಗಿದ್ದಿತು. ಸಂಗ್ರಹವೂ ಅದರೊಡನೆ ಸುಟ್ಟುಹೋಗಿರಬೇಕೆಂದೇ ಸಾಕ್ಸನು ನಂಬಿದನು. 1961ರಲ್ಲಿ ಪಶ್ಚಿಮ ಜರ್ಮನಿಯ ಸರಕಾರವು ಅವನಿಗೆ 2,25,000 ಮಾರ್ಕುಗಳನ್ನು ಪರಿಹಾರವಾಗಿ ಕೊಟ್ಟಿತು. ಅವನೂ ಅದನ್ನು ಸ್ವೀಕರಿಸಿದನು. ಆದರೆ ಐದು ವರ್ಷಗಳ ತರುವಾಯ, 1966ರಲ್ಲಿ, ಸಂಗ್ರಹದ ಒಂದು ಭಾಗವು ಪೂರ್ವ ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದೆಯೆಂಬ ವಾರ್ತೆಯು ಅವನಿಗೆ ಮುಟ್ಟಿತು. ನಡುವೆ ಎರಡು ರಾಜ್ಯಗಳ ಗಡಿಯೂ ಗೋಡೆಯೂ ಇದ್ದವು. ಜೀವಮಾನವೆಲ್ಲ ಗೋಡೆಗಳನ್ನು ನೋಡಿಕೊಂಡು ನಡೆದವನಿಗೆ ದಾಟಲಾರದ ಗೋಡೆಯಾಗಿದ್ದುದು ಅದೊಂದೇ. ತನ್ನ ಹಾಳೆಗಳನ್ನು ಮತ್ತೆ ಕೈಗೆ ಪಡೆಯದೆಯೇ 1974ರಲ್ಲಿ ಅವನು ತೀರಿಕೊಂಡನು.

1990ರಲ್ಲಿ ಎರಡು ಜರ್ಮನಿಗಳೂ ಒಂದಾದಾಗ, ಆ ಭಿತ್ತಿಪತ್ರಗಳು ಬರ್ಲಿನ್ನಿನ ಜರ್ಮನ್ ಚರಿತ್ರವಸ್ತುಸಂಗ್ರಹಾಲಯದ ವಶಕ್ಕೆ ಬಂದವು. ಮಗನಾದ ಪೀಟರ್ ಸಾಕ್ಸನಿಗೆ ಅವು ಇನ್ನೂ ಇವೆಯೆಂಬ ಸಂಗತಿಯು ತಿಳಿದುದು 2005ರಲ್ಲಿ. ಅವನು ಹಿಂದಕ್ಕೆ ಬೇಡಿದನು. ಸಂಗ್ರಹಾಲಯವು ಕೊಡಲೊಲ್ಲದೆ ಹೋಯಿತು. ತಂದೆಯು ಪರಿಹಾರಧನವನ್ನು ಸ್ವೀಕರಿಸಿದ್ದಾನೆ. ಹಾಳೆಗಳು ಉಳಿದಿವೆಯೆಂದು ತಿಳಿದ ಮೇಲೂ ಆಗ್ರಹಪೂರ್ವಕವಾಗಿ ಕೇಳಲಿಲ್ಲ. ಸಂಗ್ರಹವು ಒಂದಾಗಿ ವಿದ್ವಾಂಸರ ಉಪಯೋಗಕ್ಕೆ ದೊರೆಯುವುದೇ ಲೇಸು ಎಂಬಿವು ಆ ಪಕ್ಷದ ವಾದಗಳು. ನಾಜಿಗಳ ಕಾಲದಲ್ಲಿ ಅಪಹೃತವಾದ ಕಲಾವಸ್ತುಗಳ ವಿಷಯದಲ್ಲಿ ಸಲಹೆಕೊಡಲು, ನ್ಯಾಯಾಧೀಶೆಯಾಗಿದ್ದ ಯೂಟ್ಟಾ ಲಿಂಬಾಖ್ ಎಂಬಾಕೆಯ ಅಧ್ಯಕ್ಷತೆಯಲ್ಲಿ ನಿಯೋಗವೊಂದಿದ್ದಿತು. ಅದು 2007ರಲ್ಲಿ ಸಂಗ್ರಹಾಲಯದ ಪರವಾಗಿಯೇ ಅಭಿಪ್ರಾಯವನ್ನು ಕೊಟ್ಟಿತು.

ಮಗನು ನ್ಯಾಯಾಲಯಕ್ಕೆ ಹೋದನು. ಮೊಕದ್ದಮೆಯು ಒಂದೆರಡು ಹಾಳೆಗಳನ್ನು ನಿದರ್ಶನವಾಗಿ ಹಿಡಿದು ನಡೆಯಿತು. ಅವುಗಳಲ್ಲೊಂದು, ಹಾಸ್ಯಪತ್ರಿಕೆಯೊಂದಕ್ಕಾಗಿ ಥಾಮಸ್ ಥಿಯೋಡೋರ್ ಹೈನೆ ಬರೆದ ನಾಯಿಯ ಚಿತ್ರ. 2009ರಲ್ಲಿ ಬರ್ಲಿನ್ನಿನ ನ್ಯಾಯಾಲಯವು ಮಗನಿಗೆ ಅನುಕೂಲವಾಗಿ ತೀರ್ಪಿತ್ತಿತು. 2010ರಲ್ಲಿ ಮೇಲಿನ ನ್ಯಾಯಾಲಯವು ಒಂದು ವಿಲಕ್ಷಣವಾದ ನಿರ್ಣಯಕ್ಕೆ ಬಂದಿತು. ಹಾಳೆಗಳ ಒಡೆತನವು ಸಾಕ್ಸ್ ವಂಶದ್ದೇ ಸರಿ. ಆದರೆ ಯುದ್ಧಾನಂತರ ವಿಜಯೀ ರಾಷ್ಟ್ರಗಳು ಮಾಡಿದ ಪ್ರತ್ಯರ್ಪಣ ಶಾಸನದ ಗಡುವು ಮೀರಿಹೋಗಿರುವುದರಿಂದ ಅವುಗಳನ್ನು ಕೇಳಿ ಪಡೆಯುವ ಅಧಿಕಾರವು ಉಳಿದಿಲ್ಲ! ಹಸು ನಿನ್ನದೇ, ಹಗ್ಗ ಬಿಚ್ಚಬೇಡ ಎಂಬಂತಾಯಿತು. ಕೊನೆಗೆ 2012ರ ಮಾರ್ಚ್ 16ರಂದು ಕಾರ್ಲ್ಸ್‌ರೂಹೆಯ ಪರಮೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು. ವಸ್ತುವು ಎಲ್ಲಿದೆಯೆಂದು ಒಡೆಯನಿಗೆ ಗೊತ್ತೇ ಇರದಿದ್ದಾಗ ಮುಗಿದುಹೋದ ಗಡುವು ಅವನ ಹಕ್ಕನ್ನು ಕೊಲ್ಲಲಾರದು. ಹಾಗೆ ಕೊಂದರೆ ನಾಜಿಗಳು ಮಾಡಿದ ಅನ್ಯಾಯವನ್ನೇ ಸ್ಥಿರಪಡಿಸಿದಂತಾಗುತ್ತದೆ ಎಂಬುದು ಅದರ ಮತ. ಗುರುತಿಸಲ್ಪಟ್ಟ 4,259 ಭಿತ್ತಿಪತ್ರಗಳು ಪೀಟರ್ ಸಾಕ್ಸನ ಕೈ ಸೇರಿದವು. ತಂದೆಯ ಮನೆಯಿಂದ ಅವು ಹೊರಟು ಅಷ್ಟರಲ್ಲಿ 74 ವರ್ಷಗಳು ಕಳೆದಿದ್ದವು.

ಈ ತೀರ್ಪನ್ನು ಓದುವ ಕನ್ನಡಿಗರಿಗೆ ವಿಜ್ಞಾನೇಶ್ವರನ ನೆನಪಾಗದಿರದು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಆತನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನಷ್ಟೆ. ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದ ಆ ಗ್ರಂಥವು ಭಾರತದ ಬಹುಭಾಗದಲ್ಲಿ ವ್ಯವಹಾರಕ್ಕೆ ಪ್ರಮಾಣವಾಯಿತು. ಒಬ್ಬನ ಭೂಮಿಯನ್ನು ಇನ್ನೊಬ್ಬನು 20 ವರ್ಷ, ಧನವನ್ನು 10 ವರ್ಷ ಅನುಭವಿಸುತ್ತಿರುವಾಗ, ಒಡೆಯನು ಅದನ್ನು ಕಣ್ಣಾರೆ ಕಾಣುತ್ತಿದ್ದೂ ಮಾತಾಡದೆ ಸುಮ್ಮನಿದ್ದರೆ ಹಾನಿಯುಂಟೆಂದು ಸ್ಮೃತಿಯು ಹೇಳುತ್ತದೆ. ಕಾಣುತ್ತಿರಬೇಕು, ಸುಮ್ಮನಿರಬೇಕು, ಈ ಎರಡು ವಿಶೇಷಣಗಳೂ ಅಲ್ಲಿ ವ್ಯರ್ಥವಲ್ಲ. ವಿಜ್ಞಾನೇಶ್ವರನಾದರೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂತಹ ಉಪೇಕ್ಷೆಯಿಂದಲೂ ನಷ್ಟವಾಗುವುದು ಅಲ್ಲಿಯವರೆಗಿನ ಫಲವೇ ಹೊರತು ವಸ್ತುವಿನ ಮೇಲಿನ ಸ್ವಾಮ್ಯವಲ್ಲವೆಂದು ವಾದಿಸಿದ್ದಾನೆ. ಒಡೆಯನಲ್ಲದವನು ಮಾಡಿದ ಮಾರಾಟವನ್ನು ಅಸ್ವಾಮಿವಿಕ್ರಯವೆಂಬ ಹೆಸರಿನಿಂದ ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿ, ನಿಜವಾದ ಒಡೆಯನು ತನ್ನದನ್ನು ಮರಳಿ ಪಡೆಯತಕ್ಕದ್ದೆಂದು ಧರ್ಮಶಾಸ್ತ್ರಕಾರರು ವಿಧಿಸಿದ್ದಾರೆ. ಕಾರ್ಲ್ಸ್‌ರೂಹೆಯ ನ್ಯಾಯಾಧೀಶರು ತಮ್ಮ ದೇಶದ ಸಂಹಿತೆಯನ್ನೇ ಅನುಸರಿಸಿದರು. ಆದರೂ ನೋಡಲಾರದೆ ಹೋದವನ ಮೌನವು ಸಮ್ಮತಿಯಲ್ಲ ಎಂಬ ತತ್ತ್ವವು ಕಲ್ಯಾಣದ ಪಂಡಿತನಿಗೂ ಕಾರ್ಲ್ಸ್‌ರೂಹೆಯ ನ್ಯಾಯಾಧೀಶರಿಗೂ ಸಮಾನವಾಗಿ ತೋರಿದುದು ಗಮನಾರ್ಹವಾದುದು. ಧರ್ಮವು ದೇಶಭಾಷೆಗಳ ಉಡುಪನ್ನು ಬದಲಾಯಿಸಿಕೊಂಡರೂ ಮುಖವನ್ನು ಬದಲಾಯಿಸುವುದಿಲ್ಲ.

ಕಥೆಯು ಇಲ್ಲಿಗೆ ಮುಗಿದಿದ್ದರೆ ಓದುವವರಿಗೆ ಸಮಾಧಾನವಿರುತ್ತಿತ್ತು. ಆದರೆ 2013ರ ಜನವರಿಯಲ್ಲಿ ನ್ಯೂಯಾರ್ಕ್ ನಗರದಲ್ಲಿ ಆ ಭಿತ್ತಿಪತ್ರಗಳು ಹರಾಜಿಗೆ ಬಂದವು. ಒಬ್ಬನು ನಾಲ್ವತ್ತು ವರ್ಷಗಳಲ್ಲಿ ಕೂಡಿಸಿದುದು, ಕಳ್ಳರ ಕೈಯಲ್ಲಿದ್ದೂ ಬಾಂಬುಗಳ ಮಳೆಯಲ್ಲಿ ತೋಯ್ದೂ ಪಾರಾದುದು, ಒಡೆಯನ ಕೈ ಸೇರಿದ ಮೇಲೆ ಚೆದುರಿಹೋಗತೊಡಗಿತು. ವಿದ್ವಾಂಸರಲ್ಲಿ ಹಲವರು ಮರುಗಿದರು. ಸಂಗ್ರಹಾಲಯದಲ್ಲಿಯೇ ಉಳಿದಿದ್ದರೆ ಲೋಕಕ್ಕೆ ಹಿತವಾಗುತ್ತಿತ್ತಲ್ಲವೆ ಎಂಬ ಪ್ರಶ್ನೆಯು ಎದ್ದಿತು. ಈ ಪ್ರಶ್ನೆಯನ್ನು ಲಘುವಾಗಿ ತಳ್ಳುವಂತಿಲ್ಲ. ಬಿಡಿಹಾಳೆಯೊಂದು ಚಿತ್ರಮಾತ್ರವಾಗುತ್ತದೆ, ಸಹಸ್ರ ಹಾಳೆಗಳು ಕ್ರಮವಾಗಿ ಕೂಡಿದಾಗಲೇ ಒಂದು ಯುಗದ ಮನಸ್ಸು ಕಾಣಿಸಿಕೊಳ್ಳುತ್ತದೆ. ಆದರೆ ಲೋಕಹಿತವೆಂಬ ಹೆಸರಿನಲ್ಲಿ ಒಬ್ಬನ ವಸ್ತುವನ್ನು ಅವನಿಗೆ ಕೊಡದಿರುವುದು ನ್ಯಾಯವಾದರೆ, 1938ರಲ್ಲಿ ಅದನ್ನು ಒಯ್ದವರೂ ತಮ್ಮ ಲೋಕಹಿತವನ್ನೇ ಹೇಳಿಕೊಳ್ಳಬಹುದಾಗಿತ್ತಲ್ಲ! ವಸ್ತುವನ್ನು ಒಡೆಯನಿಗೆ ಒಪ್ಪಿಸುವುದು ನ್ಯಾಯಾಲಯದ ಧರ್ಮ. ಒಪ್ಪಿಸಿದುದನ್ನು ಲೋಕಕ್ಕೆ ಬಿಡುವುದು ಬಿಡದಿರುವುದು ಒಡೆಯನ ಔದಾರ್ಯಕ್ಕೆ ಸೇರಿದ್ದು. ಔದಾರ್ಯವನ್ನು ಕಡ್ಡಾಯ ಮಾಡಹೊರಟರೆ ಅದು ಔದಾರ್ಯವಾಗಿ ಉಳಿಯುವುದಿಲ್ಲ. ಸಂಗ್ರಹಾಲಯವು ಹಾಳೆಗಳನ್ನು ಉಳಿಸಿಕೊಳ್ಳಬಯಸಿದ್ದರೆ ಮೊದಲು ಹಿಂದಕ್ಕೆ ಕೊಟ್ಟು ಅನಂತರ ಬೇಡಬೇಕಾಗಿತ್ತು. ಏಳು ವರ್ಷ ವ್ಯಾಜ್ಯವಾಡಿದ ಬಾಯಿಂದ ಬೇಡುವುದೂ ಕಷ್ಟ, ಬೇಡಿದವನಿಗೆ ಕೊಡುವುದೂ ಕಷ್ಟ.

ಭಿತ್ತಿಪತ್ರಗಳು ಉಳಿಯುವುದೇ ಏಕೆ ಇಷ್ಟು ದುರ್ಲಭವೆಂಬುದಕ್ಕೆ ರಾಜಕೀಯ ಕಾರಣಗಳಲ್ಲದೆ ವಸ್ತುಧರ್ಮದ ಕಾರಣಗಳೂ ಇವೆ. ಯುದ್ಧಕಾಲದ ಕಾಗದವು ಬಹುಮಟ್ಟಿಗೆ ಮರದ ತಿರುಳಿನಿಂದಾದುದು. ಅದರೊಳಗಿನ ಆಮ್ಲವು ಕಾಲಕ್ರಮದಲ್ಲಿ ನಾರನ್ನು ತಿಂದು ಹಾಳೆಯನ್ನು ಹಳದಿಯಾಗಿಯೂ ಗರಗರನೆ ಮುರಿಯುವಂತೆಯೂ ಮಾಡುತ್ತದೆ. ಬೆಳಕು ಬಣ್ಣವನ್ನು ಕುಡಿಯುತ್ತದೆ. ಮಡಿಕೆಯ ಗೆರೆಯಲ್ಲಿ ಕಾಗದವು ಮೊದಲು ಸೀಳುತ್ತದೆ. ಇದಲ್ಲದೆ ಯುದ್ಧಕಾಲದಲ್ಲಿ ಕಾಗದದ ಅಭಾವವುಂಟಾಗಿ, ಸರಕಾರಗಳೇ ಹಳೆಯ ಹಾಳೆಗಳನ್ನು ಅರೆದು ಹೊಸ ಕಾಗದವಾಗಿ ಮಾಡಿಸಿದವು. 1939ರಲ್ಲಿ ಬ್ರಿಟಿಷ್ ಸರಕಾರವು, ಶಾಂತಚಿತ್ತರಾಗಿದ್ದು ನಿಮ್ಮ ಕೆಲಸವನ್ನು ಮುಂದುವರಿಸಿರೆಂದು ಪ್ರಜೆಗಳಿಗೆ ಹೇಳುವ ಹಾಳೆಯನ್ನು 24 ಲಕ್ಷಕ್ಕೂ ಹೆಚ್ಚಾಗಿ ಅಚ್ಚುಹಾಕಿಸಿ, ಗೋಡೆಗೆ ಹಚ್ಚದೆಯೇ ಇಟ್ಟುಕೊಂಡಿದ್ದು, ಮರುವರ್ಷ ಬಹುಪಾಲನ್ನು ಅರೆಯಲು ಕಳುಹಿಸಿತು. 2000ದಲ್ಲಿ ಇಂಗ್ಲೆಂಡಿನ ಆನ್ವಿಕ್ ಎಂಬ ಊರಿನ ಹಳೆಯ ಪುಸ್ತಕದಂಗಡಿಯವನಿಗೆ, ಹರಾಜಿನಲ್ಲಿ ಕೊಂಡ ಪುಸ್ತಕಗಳ ಪೆಟ್ಟಿಗೆಯ ತಳದಲ್ಲಿ ಅದರ ಒಂದು ಪ್ರತಿಯು ದೊರೆಯಿತು. ತನ್ನ ಕಾಲದವರು ಕಾಣದಿದ್ದ ಆ ಹಾಳೆಯು ಆ ಬಳಿಕ ಜಗತ್ಪ್ರಸಿದ್ಧವಾಯಿತು.

ಬೆಲೆಯು ಏರಿದಲ್ಲಿ ಕೃತ್ರಿಮವೂ ಹುಟ್ಟುವುದು ಸಹಜ. ನಿಜವಾದ ಹಳೆಯ ಹಾಳೆಯನ್ನು ಪರೀಕ್ಷಿಸಲು ತಿಳಿದವರು ಭೂತಕನ್ನಡಿಯನ್ನು ಹಿಡಿಯುತ್ತಾರೆ. ಕಲ್ಲಿನಿಂದ ಅಚ್ಚಾದ ಚಿತ್ರದಲ್ಲಿ ಬಳಪದ ಒರಟಾದ ಕಣಗಳು ಕ್ರಮವಿಲ್ಲದೆ ಹರಡಿರುತ್ತವೆ. ಛಾಯಾಚಿತ್ರದ ಮೂಲಕ ಈಚೆಗೆ ತೆಗೆದ ಪ್ರತಿಯಲ್ಲಿ ಬಣ್ಣವು ಸಣ್ಣಸಣ್ಣ ಚುಕ್ಕೆಗಳ ಸಾಲುಸಾಲಾಗಿ ಒಡೆಯುತ್ತದೆ. ಹಾಳೆಯ ಅಂಚಿನಲ್ಲಿ ಮುದ್ರಕನ ಹೆಸರು, ಕ್ರಮಸಂಖ್ಯೆ ಇವು ಇವೆಯೇ ಎಂಬುದನ್ನೂ ನೋಡತಕ್ಕದ್ದು. ಬ್ರಿಟಿಷ್ ಸಮಿತಿಯ ಹಾಳೆಗಳಲ್ಲಿ ಸಂಖ್ಯೆಯಿರುತ್ತದೆ. ಅವುಗಳಲ್ಲಿ ಅನೇಕವು 30 ಅಂಗುಲ ಉದ್ದ, 20 ಅಂಗುಲ ಅಗಲ. ಶಿಥಿಲವಾದ ಹಾಳೆಗೆ ಗೋಧಿಯ ಪಿಷ್ಟದ ಅಂಟಿನಿಂದ ತೆಳುಕಾಗದವನ್ನೋ ಬಟ್ಟೆಯನ್ನೋ ಹಿಂದೆ ಕೊಡುವುದುಂಟು. ಆ ಅಂಟು ನೀರಿನಿಂದ ಮತ್ತೆ ಬಿಡುತ್ತದೆಯಾದುದರಿಂದ ಅದು ಗ್ರಾಹ್ಯ. ಅಂಟುಪಟ್ಟಿಯು ಎಂದಿಗೂ ಬಿಡದ ಕಲೆಯನ್ನು ಮಾಡುವುದರಿಂದ ತ್ಯಾಜ್ಯ. ಸುತ್ತಿ ಮೂಲೆಯಲ್ಲಿ ನಿಲ್ಲಿಸುವುದಕ್ಕಿಂತ ಬಿಚ್ಚಿ ಮಲಗಿಸುವುದು ಮೇಲು.

ಭಾರತದ ಸಂಗತಿಗೆ ಬಂದರೆ, ಇಲ್ಲಿಯ ಗೋಡೆಗಳೂ ಮೂಕವಾಗಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಭಾರತೀಯರು ಸಾಗರವನ್ನು ದಾಟಿ ಹೋದರು. ಅವರನ್ನು ಕರೆಯುವುದಕ್ಕೆ ಉರ್ದು ಮೊದಲಾದ ದೇಶಭಾಷೆಗಳಲ್ಲಿ ಚಿತ್ರಸಹಿತವಾದ ಹಾಳೆಗಳು ಅಚ್ಚಾದವು. ಸಮವಸ್ತ್ರ, ಹಣ, ಬಂದೂಕು ಇವುಗಳನ್ನು ಮುಂದಿಟ್ಟು, ಇವನ್ನು ತೆಗೆದುಕೊಳ್ಳುವವರಾರೆಂದು ಕೇಳುವ ಹಾಳೆಯೂ ಅವುಗಳಲ್ಲೊಂದು. ಅವು ಇಂದು ಲಂಡನ್ನಿನ ಯುದ್ಧಸಂಗ್ರಹಾಲಯದಲ್ಲಿ ಉಳಿದಿವೆ. ಸರಕಾರಕ್ಕೆ ಪ್ರತಿಕೂಲವಾದ ಹಾಳೆಗಳ ಗತಿಯಾದರೋ ವಿಚಿತ್ರತರವಾದುದು. 1910ರ ಮುದ್ರಣಶಾಸನವೂ 1931ರ ಶಾಸನವೂ ರಾಜದ್ರೋಹವೆನಿಸಿದ ಮುದ್ರಿತವನ್ನು ಮುಟ್ಟುಗೋಲು ಹಾಕಿಕೊಳ್ಳಲು ಅಧಿಕಾರವಿತ್ತವು. ಹಾಡು, ಕರಪತ್ರ, ಚಿತ್ರ, ಭಿತ್ತಿಪತ್ರ ಎಲ್ಲವನ್ನೂ ಅಧಿಕಾರಿಗಳು ಹಿಡಿದರು. ಕಡತಕ್ಕೆಂದು ಒಂದೆರಡು ಪ್ರತಿಗಳನ್ನು ತೆಗೆದಿರಿಸಿದರು. ಜನರ ಮನೆಗಳಲ್ಲಿದ್ದ ಪ್ರತಿಗಳು ಪೊಲೀಸರ ಭಯದಿಂದ ಒಲೆಯನ್ನು ಸೇರಿದವು. ನಿಷೇಧಿಸಿದವರ ಕಪಾಟಿನಲ್ಲಿದ್ದವು ಉಳಿದವು. ಇಂದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿಯೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಸ್ವಾತಂತ್ರ್ಯಸಮರದ ಹಾಳೆಗಳನ್ನು ಅರಸುವವರು ಆ ನಿಷಿದ್ಧ ಸಾಹಿತ್ಯದ ಸಂಗ್ರಹಗಳನ್ನೇ ಆಶ್ರಯಿಸಬೇಕಾಗಿದೆ. ಕಸಿದವನೇ ಕಾಪಾಡಿದನೆಂಬುದು ಬರ್ಲಿನ್ನಿಗೂ ಭಾರತಕ್ಕೂ ಸಮಾನವಾದ ವಿಧಿವಿಲಾಸ.

ಕನ್ನಡನಾಡಿನಲ್ಲಿಯೂ 1942ರ ಚಳವಳಿಯ ಕಾಲದಲ್ಲಿ ಗುಪ್ತವಾಗಿ ಹೊರಟ ಪತ್ರಿಕೆಗಳೂ ಕರಪತ್ರಗಳೂ ಸಭೆಗಳ ಕರೆಯೋಲೆಗಳೂ ಊರೂರುಗಳಲ್ಲಿ ಕೈಯಿಂದ ಕೈಗೆ ಹೋದವು. ಅವುಗಳನ್ನು ಹಂಚಿದವರಲ್ಲಿ ಬಹುಮಂದಿ ಈಗ ಇಲ್ಲ. ಹಾಳೆಗಳು ಕೆಲವು ಇನ್ನೂ ಉಳಿದಿದ್ದರೆ, ಅವು ಹಳೆಯ ಪೆಟ್ಟಿಗೆಯ ತಳದಲ್ಲಿಯೋ, ಪಂಚಾಂಗಗಳ ಕಟ್ಟಿನ ನಡುವೆಯೋ, ಪುಸ್ತಕಕ್ಕೆ ಹೊದಿಸಿದ ರಟ್ಟಿನ ಒಳಗಡೆಯೋ ಇರಬೇಕು. ಮನೆಯನ್ನು ಬದಲಾಯಿಸುವಾಗ, ಹಿರಿಯರು ತೀರಿಕೊಂಡ ಬಳಿಕ ಅಟ್ಟವನ್ನು ಶುಚಿಮಾಡುವಾಗ, ಹಬ್ಬಕ್ಕೆ ಸುಣ್ಣ ಬಳಿಯುವಾಗ ಇಂತಹವು ತೂಕಕ್ಕೆ ಮಾರಾಟವಾಗಿ ಹೋಗುತ್ತವೆ. ಗೃಹಸ್ಥರು ಹಾಗೆ ಬಿಸುಡುವುದಕ್ಕೆ ಮುನ್ನ ಒಮ್ಮೆ ಬಿಚ್ಚಿ ನೋಡಬೇಕು. ಹಾಳೆಯು ಯಾವ ಊರಿನದು, ಯಾವ ವರ್ಷದ್ದು, ಯಾರ ಮೂಲಕ ಮನೆಗೆ ಬಂದಿತು ಎಂಬುದನ್ನು ಬೇರೆ ಕಾಗದದ ಮೇಲೆ ಬರೆದು ಜತೆಗಿಡಬೇಕು. ಊರುಪೇರಿಲ್ಲದ ಹಾಳೆಯು ಗೋತ್ರ ತಿಳಿಯದ ಅತಿಥಿಯಂತೆ, ಆದರಿಸುವುದು ಹೇಗೆಂದು ತೋಚದು. ತಾವು ಕಾಪಾಡಲಾರದವರು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರಕ್ಕೋ ಸಮೀಪದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ಅದನ್ನು ಒಪ್ಪಿಸಬಹುದು. ಒಪ್ಪಿಸುವಾಗ ದಾನವೋ ನಿಕ್ಷೇಪವೋ ಎಂಬುದನ್ನು ಬರೆಹದಲ್ಲಿ ಸ್ಪಷ್ಟಪಡಿಸುವುದು ಯುಕ್ತ. ಸಾಕ್ಸನ ಮಗನು ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿದಂತೆ ಮುಂದಿನ ಪೀಳಿಗೆಯವರು ಹತ್ತಬೇಕಾಗಬಾರದು.